ಕರಿಮಣಿ, ಮಿನ್ನು ಮತ್ತು ‘ಶೋಧನೆ’

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕ್ರೈಸ್ತರ ಮದುವೆ ಒಂದೇ ಬಗೆಯದ್ದಲ್ಲ. ಬೇಳ, ಕಯ್ಯಾರು, ಮಂಜೇಶ್ವರ ಕಡೆಯ ಕೊಂಕಣಿ ಮನೆಗಳಲ್ಲಿ ಮುನ್ನಾದಿನ ‘ರೋಸ್’. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹಿರಿಯರು ಆಶೀರ್ವಾದ ಮಾಡುತ್ತಾರೆ. ಮರುದಿನ ಗಂಡಿನ ಕಡೆಯಿಂದ ಕೆಂಪು ‘ಸಾಡೊ’, ಕುತ್ತಿಗೆಗೆ ಕರಿಮಣಿ. ಅಲ್ಲಿಂದ ಪೂರ್ವಕ್ಕೆ, ರಬ್ಬರ್ ತೋಟಗಳ ನಡುವೆ ಗುಡ್ಡ ಹತ್ತಿ ರಾಜಪುರಂ, ವೆಳ್ಳರಿಕುಂಡು ಕಡೆಗೆ ಹೋದರೆ ಸಂಪ್ರದಾಯವೇ ಬೇರೆ. ಅಲ್ಲಿ ‘ಮಂತ್ರಕೋಡಿ’ ಸೀರೆಯಿಂದ ನೂಲು ಎಳೆದು, ಹೊಸೆದು, ಅದರಲ್ಲಿ ‘ಮಿನ್ನು’ ಪೋಣಿಸಿ ಕಟ್ಟುವುದು ಕ್ರಮ.

ಒಂದು ಕಡೆ ಕೊಂಕಣಿ, ಇನ್ನೊಂದು ಕಡೆ ಮಲಯಾಳಂ. ಒಂದು ಕಡೆಯವರು ಮಂಗಳೂರು ಧರ್ಮಪ್ರಾಂತ್ಯದ ಕಡೆ ಮುಖ ಮಾಡಿದವರು, ಇನ್ನೊಂದು ಕಡೆಯವರು ತಲಶ್ಶೇರಿ, ಕೋಟ್ಟಯಂ ಕಡೆ. ಆದರೆ ಗಂಟು ಒಂದೇ. ದೇವರು ಕೂಡಿಸಿದ್ದನ್ನು ಮನುಷ್ಯ ಬಿಡಿಸಬಾರದು ಎಂಬುದು ಎರಡೂ ಕಡೆಯ ನಂಬಿಕೆ.

ಈ ಗಂಟು ಬಿಗಿಯಾಗಿರುವುದರಿಂದಲೇ ಎರಡೂ ಭಾಷೆಗಳಲ್ಲಿ ಒಂದು ಜಾತಿಯ ಕಥೆಗಳು ಹುಟ್ಟಿವೆ. ಮದುವೆ ಆಯಿತು, ಸುಖವಾಗಿದ್ದರು ಅಂತ ಮುಗಿಯುವ ಕಥೆಗಳಲ್ಲ. ಮದುವೆಯ ಮರುದಿನದಿಂದ ಶುರುವಾಗುವಂಥವು. ಗಂಡ ಹೆಂಡತಿ, ನಡುವೆ ಒಂದು ಆಸೆ, ಮೇಲೆ ದೇವರು. ಅಂಥ ಕಥೆಗಳ ಸುತ್ತ ಈ ವಾರ ಒಂದಿಷ್ಟು ಮಾತು.

ಒಂದು ಶಬ್ದದ ಎರಡು ಮುಖ

ಮೊದಲು ಒಂದು ಶಬ್ದದ ವಿಚಾರ. ಮನುಷ್ಯನನ್ನು ಪಾಪದ ಕಡೆ ಎಳೆಯುವುದಕ್ಕೆ ಕನ್ನಡ ಬೈಬಲಿನಲ್ಲಿ ‘ಶೋಧನೆ’ ಎನ್ನುತ್ತಾರೆ. ಮಲಯಾಳಿ ಕೆಥೊಲಿಕರು ಪ್ರಾರ್ಥನೆಯಲ್ಲಿ ಹೇಳುವುದು ‘ಪ್ರಲೋಭನಂ’. ಎರಡೂ ಭಾಷೆ ಬಲ್ಲ ನಮ್ಮ ಓದುಗರಿಗೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಪ್ರಲೋಭನ ಅಂದರೆ ಹೊರಗಿನಿಂದ ಯಾರೋ ಆಸೆ ತೋರಿಸಿ ಎಳೆಯುವುದು, ಗಾಳಕ್ಕೆ ಸಿಕ್ಕಿಸಿದ ಎರೆಹುಳದ ಹಾಗೆ. ಶೋಧನೆ ಅಂದರೆ ಪರೀಕ್ಷೆ, ಬಿಚ್ಚಿ ನೋಡುವುದು.

2017ರಲ್ಲಿ ಜಿಎಸ್‌ಟಿ ಬರುವ ಮೊದಲು ಮಂಜೇಶ್ವರದ ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸಿ ಟರ್ಪಾಲು ಬಿಚ್ಚಿಸುತ್ತಿದ್ದದ್ದು ವ್ಯಾಪಾರಿಗಳಿಗೆ ನೆನಪಿರಬಹುದು. ಆ ಶೋಧನೆಯಲ್ಲಿ ಹೊಸ ಸರಕು ಹುಟ್ಟುವುದಿಲ್ಲ. ಮೊದಲೇ ಒಳಗೆ ತುಂಬಿದ್ದೇ ಹೊರಗೆ ಬೀಳುವುದು. ಸಂಸಾರವೂ ಹಾಗೆಯೇ ಅಲ್ವಾ? ಮೂರನೆಯವರು ಬಂದು ಮನೆ ಮುರಿದರು ಎನ್ನುತ್ತೇವೆ. ಬಹಳ ಸಲ ಅವರು ಬರುವ ಮೊದಲೇ ಒಳಗಿನ ಸರಕು ಕೊಳೆತಿರುತ್ತದೆ.

ಈ ಬಗೆಯ ಕಥೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ಬೇಡ. ಸಾಧಾರಣ ಕಥೆ ಹೊರಗಿನ ಎರೆಯನ್ನೇ ತೋರಿಸುತ್ತದೆ. ಒಳ್ಳೆಯ ಕಥೆ ಟರ್ಪಾಲು ಬಿಚ್ಚುತ್ತದೆ.

ಮಿಶನ್ ಪ್ರೆಸ್ಸಿನ ಕಾಲ

ನಮ್ಮ ಕಡೆಯ ಭಾಷೆಗಳಲ್ಲಿ ಸಂಸಾರದ ಕಥೆ ಅಚ್ಚಿಗೆ ಬಂದದ್ದರಲ್ಲಿ ಕ್ರೈಸ್ತ ಮಿಶನರಿಗಳ ಪಾಲು ದೊಡ್ಡದು. ಹನ್ನಾ ಕ್ಯಾಥರೀನ್ ಮುಲೆನ್ಸ್ ಎಂಬವರು 1852ರಲ್ಲಿ ಬಂಗಾಳಿಯಲ್ಲಿ ‘ಫೂಲ್‌ಮಣಿ ಮತ್ತು ಕರುಣಾ’ ಎಂಬ ಇಬ್ಬರು ಕ್ರೈಸ್ತ ಹೆಂಗಸರ ಕಥೆ ಬರೆದರು. ಆರೇ ವರ್ಷದಲ್ಲಿ, 1858ಕ್ಕೆ, ಅದು ಮಲಯಾಳಕ್ಕೆ ಬಂತು. ಒ. ಚಂದುಮೇನೋನರ ‘ಇಂದುಲೇಖ’ ಬಂದದ್ದು 1889ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ.

ಫೂಲ್‌ಮಣಿಯ ಮನೆ ಒಪ್ಪ ಓರಣ, ದೇವಭಕ್ತಿ. ಕರುಣಾಳ ಮನೆ ಗಲೀಜು, ಜಗಳ. ಕೊನೆಗೆ ಕರುಣಾ ತಿದ್ದಿಕೊಳ್ಳುತ್ತಾಳೆ. ಮನೆಯ ಒಳಗನ್ನೇ ನೋಡಿದ ಕಥೆ ಇದು, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಮನೆ ಕೆಟ್ಟರೂ ನೆಟ್ಟಗಾದರೂ ಲೆಕ್ಕ ಕೇಳುವುದು ಹೆಂಡತಿಯ ಹತ್ತಿರವೇ. ಈ ಗುಣ ಮುಂದೆ ಬಂದ ಎಷ್ಟೋ ಕಥೆಗಳಿಗೆ ಅಂಟಿಕೊಂಡಿತು.

ಕನ್ನಡದ ಸಂಗತಿ ಇನ್ನೂ ಸ್ವಾರಸ್ಯ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಬರೆದವರು ಸಾರಸ್ವತ ಬ್ರಾಹ್ಮಣರು, ಕಥೆಯೂ ಅದೇ ಸಮಾಜದ್ದು. ಎಳೆಯ ವಿಧವೆ ಇಂದಿರೆಯ ಮೇಲೆ ಕಣ್ಣು ಹಾಕುವುದು ಬೀದಿಯ ಪೋಕರಿಯಲ್ಲ, ಸಂತನ ವೇಷದ ಮನುಷ್ಯ. ಅವಳು ಮನೆಯಿಂದ ತಪ್ಪಿಸಿಕೊಂಡು, ಓದು ಕಲಿತು, ಮರುಮದುವೆಯಾಗುತ್ತಾಳೆ. ಭಕ್ತಿಯ ಹೆಸರಿನಲ್ಲೇ ಶೋಧನೆ ಬರಬಹುದು ಎಂಬ ಮಾತು ನಮ್ಮ ಕರಾವಳಿಯಲ್ಲಿ ಅಷ್ಟು ಹಿಂದೆಯೇ ಪುಸ್ತಕವಾಗಿತ್ತು.

ಶನಿವಾರದ ಸಂತೆ, ವಾರದ ಕಥೆ

ಕೊಂಕಣಿ ಕ್ರೈಸ್ತರ ಓದು ಬೆಳೆದದ್ದು ಕನ್ನಡ ಲಿಪಿಯಲ್ಲಿ. ಲೂವಿಸ್ ಮಸ್ಕರೇನ್ಹಸ್ 1912ರಲ್ಲಿ ‘ಕೊಂಕಣಿ ದಿರ್ವೆಂ’ ಪತ್ರಿಕೆ ಶುರು ಮಾಡಿದರು. 1938ರಲ್ಲಿ ಮಂಗಳೂರಿನಿಂದ ‘ರಾಕ್ಣೊ’ ವಾರಪತ್ರಿಕೆ ಬಂತು. ಕುಂಬಳೆ, ಮಂಜೇಶ್ವರದ ಸಂತೆಗೆ ಹೋದವರು ಸಾಮಾನಿನ ಜೊತೆ ವಾರದ ಪತ್ರಿಕೆ ತರುವುದು, ಮನೆಯಲ್ಲಿ ಒಬ್ಬರು ಓದುವುದು, ಉಳಿದವರು ಕೇಳುವುದು. ಹಿಂದಿನವರ ಓದು ಎಂದರೆ ಹೆಚ್ಚಾಗಿ ಹೀಗೇ.

ಜೆ.ಎಸ್. ಆಲ್ವಾರಿಸರ ‘ಆಂಜೆಲ್’ 1950ರಲ್ಲಿ ಬಂತು. ಮಂಗಳೂರು ಕೆಥೊಲಿಕರ ಮೊದಲ ಕೊಂಕಣಿ ಕಾದಂಬರಿ ಎಂದು ಅದಕ್ಕೆ ಹೆಸರು. ‘ಖಡಾಪ್’ ಎಂಬ ಕಾವ್ಯನಾಮದ ವಿ.ಜೆ.ಪಿ. ಸಲ್ಡಾನ್ಹಾ ಅವರು 1784ರಲ್ಲಿ ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣಕ್ಕೆ ಸೆರೆ ಹೋದ ಕ್ರೈಸ್ತರ ಸಂಕಟವನ್ನು ಕಾದಂಬರಿಗೆ ತಂದರು. ಅಲ್ಲಿ ನಂಬಿಕೆಯ ಪರೀಕ್ಷೆ ಎಂದರೆ ಕತ್ತಿ ಮತ್ತು ಸಂಕೋಲೆ. ಎದುರಿಗೆ ಯಾರು, ಹಿಂದೆ ಯಾರು ಎಂದು ಸ್ಪಷ್ಟ.

ಸಂಸಾರದ ಕಥೆಯಲ್ಲಿ ಅಷ್ಟು ಸ್ಪಷ್ಟವಿಲ್ಲ. ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಪರಿಚಿತವಾದ ಒಂದು ಅಚ್ಚು ಇದೆ. ಗಂಡ ಬೊಂಬಾಯಿಯಲ್ಲೋ ಹಡಗಿನಲ್ಲೋ ಗಲ್ಫಿನಲ್ಲೋ. ಹೆಂಡತಿ ಊರಲ್ಲಿ, ಜೊತೆಗೆ ಅತ್ತೆ. ಕಾಗದ ತಡ. ಪಕ್ಕದಲ್ಲಿ ಸಹಾಯಕ್ಕೆ ಬರುವವನೊಬ್ಬ. ಮಾತು ಎದ್ದೇ ಏಳುತ್ತದೆ. ಕೊನೆಗೆ ಪಾದ್ರಿಗಳ ಮುಂದೆ ಪಾಪನಿವೇದನೆ, ಕಣ್ಣೀರು, ಕ್ಷಮೆ.

ಈ ಪಾಪನಿವೇದನೆ ಕಥೆಗಾರನಿಗೆ ಸಿಕ್ಕಿದ ದೊಡ್ಡ ಸಾಧನ ಎನ್ನಬೇಕು. ಪಾದ್ರಿಗೆ ಎಲ್ಲ ಗೊತ್ತು, ಆದರೆ ಬಾಯಿ ಬಿಡುವ ಹಾಗಿಲ್ಲ. ಜೀವ ಹೋದರೂ ಆ ಗುಟ್ಟು ಹೇಳಬಾರದು ಎಂಬುದು ಸಭೆಯ ಕಟ್ಟಳೆ. ಗಂಡನಿಗೆ ಗೊತ್ತಿಲ್ಲ, ಊರಿಗೆ ಅರ್ಧ ಗೊತ್ತು, ಓದುವವನಿಗೆ ಪೂರ್ತಿ ಗೊತ್ತು. ಮುಂದಿನ ವಾರದ ತನಕ ಕಾಯಿಸಲು ಇನ್ನೇನು ಬೇಕು ಮಾರಾಯ್ರೆ?

ಆದರೆ ಇಲ್ಲೊಂದು ಅಪಾಯವೂ ಉಂಟು. ಪಾಪನಿವೇದನೆ ಆದ ಕೂಡಲೇ ಕಥೆ ಮುಗಿದರೆ, ಮರುದಿನ ಬೆಳಿಗ್ಗೆ ಅದೇ ಅಡುಗೆಮನೆಯಲ್ಲಿ ಅದೇ ಇಬ್ಬರು ಮುಖ ನೋಡಬೇಕಲ್ಲ, ಆ ವಿಚಾರ ಬಿಟ್ಟುಹೋಗುತ್ತದೆ. ಕ್ಷಮೆ ಕೇಳುವುದು ಒಂದು ಗಳಿಗೆಯ ಕೆಲಸ. ನಂಬುವುದು ವರ್ಷಗಟ್ಟಲೆಯ ಕೆಲಸ. ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು ಹೋದ ತೋಟವನ್ನು ಮತ್ತೆ ಎಬ್ಬಿಸಿದವರಿಗೆ ಈ ಮಾತು ಹೇಳಿಕೊಡಬೇಕಾಗಿಲ್ಲ.

ಕನ್ನಡದಲ್ಲಿ ಕ್ರೈಸ್ತರ ಬದುಕನ್ನು ಒಳಗಿನಿಂದ ಬರೆದವರಲ್ಲಿ ಸಾಗರದ ನಾ. ಡಿ’ಸೋಜ ಪ್ರಮುಖರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಅವರ ಕಾದಂಬರಿಯ ಹೆಸರೇ ಒಂದು ಪಾಠ. ಒಬ್ಬರ ಮನೆಯ ಗುಟ್ಟು ಉಳಿದ ಒಂಬತ್ತು ಮನೆಗೆ ಕೇಳಿಸದೆ ಇರುವುದಿಲ್ಲ. ನಮ್ಮ ಬೇಳದಲ್ಲಿ 1890ರಲ್ಲಿ ಎದ್ದ ಇಗರ್ಜಿಯ ಸುತ್ತಮುತ್ತ ಇರುವವರಿಗೂ ಇದು ಅರ್ಥವಾಗುವ ಮಾತೇ.

ಗುಡ್ಡದ ಮೇಲಿನವರ ಕಥೆ

ಇನ್ನು ಪೂರ್ವದ ಕಡೆ. ತಿರುವಾಂಕೂರಿನಿಂದ ಕ್ರೈಸ್ತ ರೈತರು ಮಲಬಾರಿನ ಕಾಡು ಗುಡ್ಡಗಳಿಗೆ ವಲಸೆ ಬಂದದ್ದು ಕಳೆದ ಶತಮಾನದ ದೊಡ್ಡ ಘಟನೆ. ರಾಜಪುರಂನಲ್ಲಿ ಕ್ನಾನಾಯ ಕ್ರೈಸ್ತರ ನೆಲೆ ಆರಂಭವಾದದ್ದು 1943ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮನೆ ಮಾರಿ ಬಂದವರಿಗೆ ಎದುರಾದದ್ದು ಕಾಡುಹಂದಿ, ಮಲೇರಿಯಾ, ಮಳೆ.

ಈ ವಲಸೆಯನ್ನು ಎಸ್.ಕೆ. ಪೊಟ್ಟೆಕ್ಕಾಟ್ 1948ರ ‘ವಿಷಕನ್ಯಕ’ ಕಾದಂಬರಿಯಲ್ಲಿ ಬರೆದರು. ಅವರ ಕಥೆ ನಡೆಯುವುದು ವಯನಾಡಿನಲ್ಲಿ, ಆದರೆ ಕಷ್ಟ ಇಲ್ಲಿಯದ್ದೇ. ಹೆಸರಿನ ಗುಟ್ಟು ಕೇಳಿ. ಹಸಿರು ತೋರಿಸಿ ಕರೆದು, ಹತ್ತಿರ ಬಂದವರನ್ನು ಕೊಲ್ಲುವ ಆ ಕನ್ಯೆ ಬೇರೆ ಯಾರೂ ಅಲ್ಲ, ಮಣ್ಣೇ. ಆಂತೋನಿ ಎಂಬ ದೈವಭಕ್ತ ಹುಡುಗ ಮಾಧವಿ ಎಂಬವಳ ಸೆಳೆತಕ್ಕೆ ಸಿಕ್ಕುವ ಭಾಗವೂ ಇದೆ. ಹೆಣ್ಣಿನ ಸೆಳೆತ, ಮಣ್ಣಿನ ಸೆಳೆತ ಎರಡನ್ನೂ ಪಕ್ಕಪಕ್ಕ ಇಟ್ಟದ್ದು ಪೊಟ್ಟೆಕ್ಕಾಟರ ಜಾಣ್ಮೆ. ‘ಇನ್ನೊಂದು ಎಕರೆ, ಇನ್ನೊಂದು ಎಕರೆ’ ಎನ್ನುವ ಆಸೆಯಲ್ಲಿ ಹೆಂಡತಿ ಮಕ್ಕಳನ್ನು ಜ್ವರದ ಬಾಯಿಗೆ ಕೊಟ್ಟವನು ಬೇರೆ ಹೆಣ್ಣನ್ನು ಕಣ್ಣೆತ್ತಿ ನೋಡದಿರಬಹುದು. ಹಾಗಂತ ಅವನು ಶೋಧನೆಯಲ್ಲಿ ಗೆದ್ದ ಎನ್ನಲಾದೀತೇ?

ಮುಟ್ಟತ್ತು ವರ್ಕಿಯವರ ಹಾದಿ ಬೇರೆ. 1955ರ ‘ಪಾಡಾತ್ತ ಪೈಂಕಿಳಿ’ಯಿಂದ ಅವರು ಮನೆಮಾತಾದರು. ಮಲಯಾಳದಲ್ಲಿ ವಾರಪತ್ರಿಕೆಯ ಅಳುಮುಂಜಿ ಪ್ರೇಮಕಥೆಗಳಿಗೆ ‘ಪೈಂಕಿಳಿ’ ಎಂಬ ಅಡ್ಡಹೆಸರು ಬಿದ್ದದ್ದೂ ಆ ಪುಸ್ತಕದಿಂದಲೇ. ಪಂಡಿತರು ಮೂಗು ಮುರಿದರು. ಆದರೆ ಬಸ್ಸಿನಲ್ಲಿ, ಬೀಡಿ ಕಟ್ಟುವಲ್ಲಿ, ಅಂಗಡಿಯ ಗಲ್ಲಾದ ಹಿಂದೆ ಓದುವವರನ್ನು ಹುಟ್ಟಿಸಿದ್ದು ಈ ಕಥೆಗಳೇ ಎಂಬುದನ್ನು ಮರೆಯಬಾರದು. ವರದಕ್ಷಿಣೆ, ಬಡತನ, ದೊಡ್ಡ ಮನೆತನದ ಜಂಬ ಇವೆಲ್ಲ ಜನರಿಗೆ ಗೊತ್ತಿದ್ದ ಸಂಗತಿಗಳು. ಕೊರತೆ ಇಷ್ಟೆ: ಪೈಂಕಿಳಿಯಲ್ಲಿ ಕೆಟ್ಟವರು ಸಾಮಾನ್ಯವಾಗಿ ಹೊರಗಿನಿಂದ ಬರುತ್ತಾರೆ. ಅವರು ತೊಲಗಿದರೆ ಮನೆ ಸರಿ.

ಕಾನೂನು ನೋಡಿದ್ದೂ ಎರೆಹುಳವನ್ನೇ

ಕಥೆ ಹೋಗಲಿ, ದೇಶದ ಕಾನೂನೂ ಬಹಳ ಕಾಲ ಪೈಂಕಿಳಿಯ ಹಾಗೆಯೇ ಯೋಚಿಸುತ್ತಿತ್ತು ಎಂದರೆ ಆಶ್ಚರ್ಯವಾಗಬಹುದು. ಕ್ರೈಸ್ತರ ವಿಚ್ಛೇದನಕ್ಕೆ ಇದ್ದದ್ದು 1869ರ ಭಾರತೀಯ ವಿಚ್ಛೇದನ ಕಾಯಿದೆ. ಅದರ ಪ್ರಕಾರ ಹೆಂಡತಿ ವ್ಯಭಿಚಾರ ಮಾಡಿದಳೆಂದು ತೋರಿಸಿದರೆ ಗಂಡನಿಗೆ ಸಾಕು. ಹೆಂಡತಿಗೆ ಅಷ್ಟು ಸಾಲದು. ಗಂಡ ಹೊಡೆದು ಬಡಿದು ಮಾಡಿದ ಅಥವಾ ಬಿಟ್ಟುಹೋದ ಎಂದು ಮಾತ್ರ ಹೇಳಿದರೂ ನಡೆಯದು. ಅದರ ಜೊತೆಗೆ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. ಮತಾಂತರವಾಗಿ ಬೇರೆ ಮದುವೆಯಾದ ಎಂಬಂಥ ಒಂದೆರಡು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಅಂದರೆ ಮನೆಯೊಳಗೆ ಎಷ್ಟೇ ನರಕವಿರಲಿ, ಹೊರಗೆ ಇನ್ನೊಬ್ಬಳು ಇಲ್ಲದಿದ್ದರೆ ಕೋರ್ಟಿನ ಬಾಗಿಲು ಬಂದ್. ನೂರಿಪ್ಪತ್ತೈದು ವರ್ಷ ಇದು ನಡೆಯಿತು.

ಬಾಗಿಲು ತೆರೆದದ್ದು ಕೇರಳ ಹೈಕೋರ್ಟು. 1995ರಲ್ಲಿ ಅಮ್ಮಿಣಿ ಪ್ರಕರಣದಲ್ಲಿ, ಬರಿಯ ಕ್ರೌರ್ಯ ಅಥವಾ ತ್ಯಜಿಸಿ ಹೋದದ್ದೇ ಸಾಕು ಎಂದು ಪೂರ್ಣಪೀಠ ತೀರ್ಪಿತ್ತಿತು. 2001ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ತಿದ್ದಿ, ಗಂಡ ಹೆಂಡತಿಗೆ ಸಮಾನ ಕಾರಣಗಳನ್ನೂ, ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶವನ್ನೂ ಕೊಟ್ಟಿತು. ಒಪ್ಪಿಗೆಯ ಅರ್ಜಿ ಹಾಕುವ ಮೊದಲು ಕನಿಷ್ಠ ಒಂದು ವರ್ಷ ಬೇರೆಯಿರಬೇಕೆಂಬ ಶರತ್ತನ್ನು ಕೇರಳ ಹೈಕೋರ್ಟು 2022ರ ಡಿಸೆಂಬರಿನಲ್ಲಿ ಅಸಿಂಧುಗೊಳಿಸಿತು.

ಇಲ್ಲಿ ಒಂದು ಗೊಂದಲ ನಿವಾರಿಸಬೇಕು. ಸಭೆಯ ಟ್ರಿಬ್ಯೂನಲ್ ಬೇರೆ, ಸರಕಾರದ ಕೋರ್ಟು ಬೇರೆ. ಕೆಥೊಲಿಕ ಸಭೆ ವಿಚ್ಛೇದನ ಕೊಡುವುದಿಲ್ಲ. ‘ಈ ಮದುವೆ ಮೊದಲಿನಿಂದಲೇ ಸಿಂಧುವಾಗಿರಲಿಲ್ಲ’ ಎಂದು ವಿಚಾರಣೆ ಮಾಡಿ ಹೇಳಬಹುದು, ಅಷ್ಟೆ. ಈ ವಿಚಾರಣೆಯ ಕ್ರಮವನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸುಲಭಗೊಳಿಸಿದರು. ಆದರೆ ಟ್ರಿಬ್ಯೂನಲಿನ ಕಾಗದ ಕೋರ್ಟಿನ ಡಿಕ್ರಿಗೆ ಸಮವಲ್ಲ ಎಂದು 1996ರಲ್ಲೇ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಸಭೆಯ ಕಾಗದ ಮಾತ್ರ ಹಿಡಿದು ಇನ್ನೊಂದು ಮದುವೆಯಾದರೆ ಕಾನೂನಿನ ಕಣ್ಣಿಗೆ ಅದು ಎರಡನೇ ಮದುವೆಯೇ. ಕೋರ್ಟಿನ ಡಿಕ್ರಿ ಮಾತ್ರ ಹಿಡಿದು ಹೋದರೆ ಇಗರ್ಜಿಯಲ್ಲಿ ಮರುಮದುವೆ ಆಗದು. ಈ ಎರಡು ಬಾಗಿಲುಗಳ ನಡುವೆ ನಿಂತವರ ಪಾಡು ಯಾವ ಧಾರಾವಾಹಿಗೂ ಕಡಿಮೆಯಲ್ಲ.

ಚಂದ್ರಗಿರಿಯ ದಡದಿಂದ ಒಂದು ನೋಟ

ಕಾಸರಗೋಡಿನ ಮಣ್ಣಿನಲ್ಲಿ ಮದುವೆ ಮತ್ತು ಮತದ ನಡುವಿನ ಸಂಕಟವನ್ನು ಬರೆದವರೆಂದರೆ ಮೊದಲು ನೆನಪಾಗುವುದು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, ಕನ್ನಡದಲ್ಲೇ ಬರೆದ ಇವರು 2023ರ ಜನವರಿಯಲ್ಲಿ ತೀರಿಕೊಂಡರು. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಅವರ ಮೊದಲ ಕಾದಂಬರಿ.

ಅದು ಮುಸ್ಲಿಂ ಮನೆಯ ಕಥೆ. ಇಲ್ಲಿ ಯಾಕೆ ತಂದಿರಿ ಎಂದು ಕೇಳಬಹುದು. ಕಾರಣವಿದೆ. ನಾದಿರಾಳನ್ನು ಗಂಡ ಪ್ರೀತಿಸುತ್ತಾನೆ, ಅವಳೂ ಪ್ರೀತಿಸುತ್ತಾಳೆ. ಬೇರೆ ಹೆಣ್ಣಿಲ್ಲ, ಬೇರೆ ಗಂಡಿಲ್ಲ. ಆದರೂ ಅಪ್ಪನ ಹಟಕ್ಕೆ ತಲಾಖ್ ಆಗಿಬಿಡುತ್ತದೆ. ಗಂಡನ ಬಳಿಗೆ ಮರಳಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಬೇಕು ಎನ್ನುತ್ತಾರೆ. ಅವಳು ಹೋಗಿ ಸೇರುವುದು ಮಸೀದಿಯ ಕೆರೆಯನ್ನು.

ಅಲ್ಲಿ ಗಂಟು ಬಹಳ ಸುಲಭವಾಗಿ ಬಿಚ್ಚಿಹೋಯಿತು. ಕ್ರೈಸ್ತ ಕಥೆಗಳಲ್ಲಿ ಗಂಟು ಬಿಚ್ಚುವುದೇ ಇಲ್ಲ. ಎರಡೂ ಕಡೆ ಉಸಿರು ಕಟ್ಟಿದ್ದು ಹೆಂಗಸಿಗೆ, ಯಾಕೆಂದರೆ ಬಿಗಿಯುವಾಗಲೂ ಬಿಚ್ಚುವಾಗಲೂ ಅವಳನ್ನು ಯಾರೂ ಕೇಳಲಿಲ್ಲ. ಸಾರಾ ಅವರು ತಮ್ಮ ಮನೆಯ ಟರ್ಪಾಲನ್ನು ತಾವೇ ಬಿಚ್ಚಿದರು. ಅದಕ್ಕೆ ಬೈಗುಳವನ್ನೂ ತಿಂದರು. ನಂಬಿಕೆ ಇಲ್ಲದವರು ಹೀಗೆ ಬರೆಯಲಾರರು. ತನ್ನದು ಎಂಬ ಪ್ರೀತಿ ಇದ್ದವರಿಗೇ ಅಷ್ಟು ನೋವಾಗುವುದು.

‘ಒದಪ್ಪು’ ಎಂಬ ಎಡವುಗಲ್ಲು

ಮಲಯಾಳದ ಕ್ರೈಸ್ತ ಸಮಾಜದೊಳಗಿನಿಂದ ಇಂಥದೇ ಧೈರ್ಯ ತೋರಿದವರು ತೃಶೂರಿನ ಸಾರಾ ಜೋಸೆಫ್. ಅವರ ‘ಒದಪ್ಪು’ 2005ರಲ್ಲಿ ಬಂತು. ಒದಪ್ಪು ಎಂದರೆ ಮತ್ತೊಬ್ಬರನ್ನು ಎಡವಿಸುವ ನಡತೆ. ಕ್ರೈಸ್ತ ಮಲಯಾಳದಲ್ಲಿ ಇದು ಬಹಳ ತೂಕದ ಶಬ್ದ. ‘ಜನ ಏನೆಂದಾರು’ ಎನ್ನುವುದಕ್ಕೆ ದೇವರ ಹೆಸರು ಸೇರಿಸಿದರೆ ಏನಾಗುತ್ತದೋ ಅದು.

ಮಾರ್ಗಲೀತ್ತ ಕಾನ್ವೆಂಟು ಬಿಟ್ಟು ಹೊರಗೆ ಬರುತ್ತಾಳೆ. ಸ್ವಂತ ಮನೆಯವರೇ ಬಾಗಿಲು ಹಾಕುತ್ತಾರೆ. ಕರಿಕ್ಕನ್ ಎಂಬ ಪಾದ್ರಿ ಅವಳಿಗಾಗಿ ನಿಲುವಂಗಿ ಕಳಚುತ್ತಾನೆ. ಇಲ್ಲಿಗೆ ನಿಲ್ಲಿಸಿದ್ದರೆ ಅದು ಇನ್ನೊಂದು ಪೈಂಕಿಳಿ ಆಗುತ್ತಿತ್ತು. ಕಾದಂಬರಿ ಮುಂದೆ ಹೋಗುತ್ತದೆ. ನಿಲುವಂಗಿ ಕಳಚಿದರೂ ಕರಿಕ್ಕನ್‌ಗೆ ಪಾಪದ ಭಯ ಕಳಚಲು ಆಗುವುದಿಲ್ಲ. ಬಸುರಿಯಾದ ಅವಳನ್ನು ಬಿಟ್ಟು ಹೋಗುತ್ತಾನೆ. ಅವಳು ದೇವರನ್ನು ಬಿಡುವುದಿಲ್ಲ. ಕಾನ್ವೆಂಟಿನಲ್ಲಿ ಸಿಗದ ಕ್ರಿಸ್ತನನ್ನು ಅನಾಥ ಮಗುವೊಂದನ್ನು ಸಾಕುವುದರಲ್ಲಿ ಹುಡುಕುತ್ತಾಳೆ.

ಊರು ಅವಳನ್ನು ಎಡವುಗಲ್ಲು ಎಂದಿತು. ಓದಿ ಮುಗಿಸಿದವನಿಗೆ ಅನುಮಾನ ಬರುತ್ತದೆ, ನಿಜವಾಗಿ ಎಡವಿಸಿದ್ದು ಯಾರು ಅಂತ. ಅವಳ ಮುಂದೆ ಬಾಗಿಲು ಹಾಕಿದ ಮನೆಯವರೋ? ಗಂಡನಾಗುವ ಧೈರ್ಯವಿಲ್ಲದೆ ಪ್ರೀತಿಗೆ ಬಂದವನೋ?

ಇದನ್ನು ಮತದ ವಿರುದ್ಧದ ಪುಸ್ತಕ ಎಂದು ತಿಳಿಯುವವರಿದ್ದಾರೆ. ಹಾಗೆ ಓದಿದರೆ ನಷ್ಟ ಓದುಗನಿಗೇ. ನಂಬಿಕೆ ಗಟ್ಟಿಯೋ ಜೊಳ್ಳೋ ಎಂದು ಗೊತ್ತಾಗುವುದು ಶೋಧನೆಯ ದಿನವೇ. ಅಡಿಕೆಯನ್ನು ಒಡೆದು ನೋಡದೆ ಒಳಗೆ ಕರಿಗೋಟೋ ಚಾಲಿಯೋ ಎಂದು ಹೇಳಲಾಗುತ್ತದೆಯೇ?

ವಸ್ತುವಿಗೆ ಬರವಿಲ್ಲ

ನಮ್ಮ ಜಿಲ್ಲೆಯಲ್ಲಿ ಇಂಥ ಕಥೆಗಳಿಗೆ ವಸ್ತುವಿಗೆ ಬರವಿಲ್ಲ. ರಬ್ಬರ್ ಬೆಲೆ ಬಿದ್ದ ವರ್ಷ ಮಗಳ ಮದುವೆಗೆ ಸಾಲ ಮಾಡಿದವರು, ಕುಡಿತಕ್ಕೆ ಸಿಕ್ಕಿದ ಗಂಡನನ್ನು ಪ್ರಾರ್ಥನೆ ಮಾಡಿಯೇ ಸರಿಪಡಿಸುತ್ತೇನೆ ಎಂದು ಕಾದವರು, ನರ್ಸ್ ಕೆಲಸಕ್ಕೆ ವಿದೇಶಕ್ಕೆ ಹೋದ ಹೆಂಡತಿಯ ಹಣದಲ್ಲಿ ಮನೆ ಕಟ್ಟಿ ಆ ಮನೆಯಲ್ಲಿ ಒಬ್ಬನೇ ಕೂತ ಗಂಡ, ಕೊಂಕಣಿ ಮನೆಗೆ ಸೊಸೆಯಾಗಿ ಬಂದು ಪ್ರಾರ್ಥನೆಯ ಭಾಷೆಯನ್ನೇ ಬದಲಿಸಿಕೊಂಡ ಮಲಯಾಳಿ ಹುಡುಗಿ, ಇವರೆಲ್ಲ ಕಾದಂಬರಿಯ ಪಾತ್ರಗಳಾಗಲು ದೂರ ಹೋಗಬೇಕಾಗಿಲ್ಲ.

ಬರೆಯುವವರು ಒಂದನ್ನು ಗಮನದಲ್ಲಿಟ್ಟರೆ ಸಾಕು. ಮನೆ ಮುರಿಯಲು ಬಂದ ಮೂರನೆಯವರ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಆ ಮೂರನೆಯವರು ಬರುವ ಹಿಂದಿನ ವರ್ಷ, ಊಟಕ್ಕೆ ಕೂತಾಗ ಇಬ್ಬರೂ ಏನು ಮಾತಾಡುತ್ತಿದ್ದರು, ಅಥವಾ ಯಾಕೆ ಮಾತಾಡುತ್ತಿರಲಿಲ್ಲ, ಅದನ್ನು ಬರೆಯಿರಿ.

ಓದುವವರಿಗೂ ಒಂದು ಮಾತು. ಮಗಳ ಮದುವೆಗೆ ಮೂರು ಭಾನುವಾರ ಇಗರ್ಜಿಯಲ್ಲಿ ಪ್ರಕಟಣೆ ಆಗುತ್ತದೆ, ಅಡ್ಡಿ ಇದ್ದವರು ಹೇಳಬೇಕು ಎಂದು ಊರನ್ನೆಲ್ಲ ಕೇಳುತ್ತಾರೆ. ಅದಕ್ಕೂ ಮೊದಲು ಒಂದು ಸಂಜೆ ಮನೆಯಲ್ಲಿ ಅವಳನ್ನೇ ಕೂರಿಸಿ ಕೇಳಿ. ಮದುವೆಯಾಗಿ ಎರಡು ವರ್ಷ ಕಳೆದ ಮೇಲೂ ಇನ್ನೊಮ್ಮೆ ಕೇಳಿ.